ಆನ್ಸೆಲ್ಮನ ಮೂಗು, ಸೊಲಾಂಜಳ ಹೂಜಿ

ಪ್ಯಾರಿಸ್ಸಿನಲ್ಲಿ ಯಾರಾದರೂ ವೈನ್ ಬಾಟಲಿಯ ಬಿರಡೆ ತೆಗೆದರೆ ಸಾಕು, ಬರ್ಗಂಡಿಯ ತನ್ನ ಹಳ್ಳಿಯಲ್ಲಿ ಗೊರಕೆ ಹೊಡೆಯುತ್ತಿದ್ದ ಆನ್ಸೆಲ್ಮ್ ನಿದ್ದೆಯಲ್ಲೇ ಅದರ ತೋಟ, ವರ್ಷ, ತೋಟದೊಡೆಯನ ಹೆಂಡತಿಯ ಸಿಡುಕು ಎಲ್ಲವನ್ನೂ ಹೇಳಿಬಿಡುತ್ತಿದ್ದ. ಅಂಥ ಮೂಗು! ಅದಕ್ಕೆ ಹೆದರಿ ಆ ಊರಲ್ಲಿ ಹುಳಿ ದ್ರಾಕ್ಷಿ ಬೆಳೆಯುವುದನ್ನೇ ಬಿಟ್ಟಿತ್ತು.

ಕೊಯ್ಲು ಮುಗಿದ ಮಧ್ಯಾಹ್ನದ ಊಟಕ್ಕೆ ಊರೆಲ್ಲ ಸೇರಿತ್ತು. ಪ್ರತಿ ಮನೆಯವರೂ ವೈನನ್ನು ಹೂಜಿಗೆ ಸುರಿದು ತರಬೇಕು; ಉಳಿದವರು ಬಾಟಲಿ ನೋಡದೆ, ರುಚಿಯಿಂದಲೇ ಅದು ಯಾವ ತೋಟದ್ದೆಂದು ಹೇಳಬೇಕು.

ಆನ್ಸೆಲ್ಮನ ಎದುರಿಗೆ ಸೊಲಾಂಜ್ ಕುಳಿತಿದ್ದಳು. ಹರೆಯದಲ್ಲಿ ಮದುವೆಯಾಗಿ ದೂರದ ಮಾರ್ಸೇ ಪಟ್ಟಣಕ್ಕೆ ಹೋದವಳು, ಗಂಡ ತೀರಿಕೊಂಡ ಮೇಲೆ, ಕೂದಲು ಬೆಳ್ಳಗಾದ ಮೇಲೆ ಊರಿಗೆ ಬಂದಿದ್ದಳು. ಅಪ್ಪನ ದ್ರಾಕ್ಷಿತೋಟ ಮಾರಿ ನಾಳೆ ಹೊರಡುವವಳು. ಕಿವಿಯ ಹಿಂದೆ ಕೂದಲು ಸಿಕ್ಕಿಸುವ ರೀತಿ ಮಾತ್ರ ಹಾಗೇ ಇತ್ತು. ಅದನ್ನು ನೋಡಿ ಆನ್ಸೆಲ್ಮನ ಎದೆ ಚರ್ಚಿನ ಗಂಟೆಗಿಂತ ಜೋರಾಗಿ ಬಡಿದುಕೊಂಡಿತು. ಇವತ್ತು ಹೇಳದಿದ್ದರೆ ಇನ್ನೆಂದೂ ಇಲ್ಲ.

"ಏನಯ್ಯಾ ಮೂಗಿನ ಮಹಾರಾಯ, ಇನ್ನೂ ಜಂಬ ಕೊಚ್ಚೋದು ಬಿಟ್ಟಿಲ್ವಂತೆ?" ಸೊಲಾಂಜ್ ತನ್ನ ಹೂಜಿಯಿಂದ ಅವನ ಗ್ಲಾಸು ತುಂಬಿದಳು. "ಇದ್ಯಾವುದು ಹೇಳು ನೋಡೋಣ."

ಅವಳು ಅಪ್ಪನ ವೈನಲ್ಲದೆ ಇನ್ನೇನು ತಂದಾಳು! ಆನ್ಸೆಲ್ಮ್ ಕಣ್ಣು ಮುಚ್ಚಿ ಒಂದು ಗುಟುಕು ಹೀರಿದ.

"ನಿಮ್ಮಪ್ಪಂದು. ಬೇರೆ ಯಾರದ್ದೂ ಅಲ್ಲ. ಮೊದ್ಲು ಚೆರ್ರಿ, ಆಮೇಲೆ ಒಣಗಿದ ಗುಲಾಬಿ, ಕೊನೆಗೆ ಮಳೆಗೆ ನೆಂದ ಎಲೆ. ನಾಲಿಗೆ ಮೇಲೆ ರೇಷ್ಮೆ. ಅಣಬೆ ಹಾಕಿ ಬೇಯಿಸಿದ ಬಾತುಕೋಳಿಗೆ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ."

ಸೊಲಾಂಜ್ ಮೇಜಿನಡಿಯಿಂದ ಖಾಲಿ ಬಾಟಲಿ ಎತ್ತಿ ಇಟ್ಟಳು. ಅದಕ್ಕೆ ಬರ್ಗಂಡಿ ಬಾಟಲಿಯ ಇಳಿಜಾರು ಹೆಗಲಿರಲಿಲ್ಲ; ಸಿಪಾಯಿಯಂತೆ ಸೆಟೆದ ಹೆಗಲು.

"ಬೋರ್ಡೋ!" ಪಕ್ಕದ ತೋಟದ ಗಾಸ್ತೋನ್ ಚೀರಿದ. "ಅಯ್ಯೋ ಪಾಪಿ, ಆ ಬೋರ್ಡೋ ಸೀಮೆಯ ವೈನನ್ನ ನಮ್ಮದು ಅಂದ್ಯಲ್ಲೋ! ಅದರ ಒಗರಿಗೆ ನಾಲಿಗೆ ಮುದುರಿಕೊಳ್ಳುತ್ತೆ, ಅದು ಕುರಿಮಾಂಸ ಬೇಡುತ್ತೆ, ಅದಕ್ಕೆ ಬಾತುಕೋಳಿ ಕೊಟ್ಯಾ? ನಿನ್ನನ್ನ ಊರಿಂದ ಓಡಿಸ್ಬೇಕು!"

ನಗೆಗೆ ಸೂರು ಹಾರಿಹೋಯಿತು. ಸೊಲಾಂಜ್ ಮಾತ್ರ ನಗಲಿಲ್ಲ.

"ನಾನು ಮದುವೆಗೆ ಹೊರಡೋ ಹಿಂದಿನ ದಿನ ಅಮ್ಮ ಮಾಡಿದ್ದು ಅದೇ ಬಾತುಕೋಳಿ," ಎಂದಳು ಮೆಲ್ಲಗೆ. "ನೀನೂ ಊಟಕ್ಕಿದ್ದೆ. ಆವತ್ತು ಅಪ್ಪ ಸುರಿದ ವೈನ್ ಇಷ್ಟು ನೆನಪಿದ್ಯಾ ನಿಂಗೆ?"

ಆನ್ಸೆಲ್ಮನಿಗೆ ಒಂದು ಅದ್ಭುತ ಸುಳ್ಳು ನಾಲಿಗೆಯ ತುದಿಗೆ ಬಂದಿತು. ಅವಳ ಕಣ್ಣು ನೋಡಿ ಅದನ್ನು ನುಂಗಿಕೊಂಡ.

"ಇಲ್ಲ ಸೊಲಾಂಜ್. ನನ್ನ ಮೂಗಿಗೆ ವೈನಿಗೂ ವಿನೆಗರಿಗೂ ವ್ಯತ್ಯಾಸ ಗೊತ್ತಾಗಲ್ಲ, ಯಾವತ್ತೂ ಗೊತ್ತಾಗಿಲ್ಲ. ಚೆರ್ರಿ, ಗುಲಾಬಿ ಎಲ್ಲಾ ಆವತ್ತು ನಿಮ್ಮಪ್ಪ ಹೇಳಿದ್ದು. ಈವರೆಗೆ ಕಂಡ ಕಂಡ ಗ್ಲಾಸಿಗೆಲ್ಲ ಅದನ್ನೇ ಒಪ್ಪಿಸಿದ್ದೀನಿ."

"ಅವ್ರು ಹೇಳೋದು ಬಿಡು, ನೀನೂ ಕುಡಿದಿದ್ಯಲ್ಲ?"

"ತುಟಿಗೂ ಮುಟ್ಟಿಸಿರ್ಲಿಲ್ಲ. ನಾಳೆ ಹೋಗಿಬಿಡ್ತಾಳೆ ಅಂತ ನಿನ್ನನ್ನೇ ನೋಡ್ತಾ ಕೂತಿದ್ದೆ. ಹೋಗಬೇಡ ಅನ್ನೋಕೆ ಬಾಯೇ ಬರ್ಲಿಲ್ಲ. ಈಗ ಹೇಳ್ತೀನಿ... ಹೋಗಬೇಡ."