ಅಳಿಸಿದ ಎರಡು ಗುರುತು

ಬೇಸಿಗೆ ಮುಗಿಯುತ್ತ ಬಂದಿದ್ದ ಒಂದು ಬುಧವಾರ, ಬೆಳಗ್ಗೆ 8:10. ಊರಿಗೆಲ್ಲ ಇಂಟರ್ನೆಟ್ ಕೊಡುವ ಕಂಪನಿಯ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. 6:52ರಿಂದ 7:34ರವರೆಗೆ ಆಂಬುಲೆನ್ಸ್ ಕಂಟ್ರೋಲ್ ರೂಮಿಗೂ ದೊಡ್ಡಾಸ್ಪತ್ರೆಗೂ ನಡುವಿನ ಸಂಪರ್ಕ ಕಡಿದಿತ್ತು. ಚಾಲಕರು ಸ್ವಂತ ಮೊಬೈಲಿನಲ್ಲಿ ನಿಭಾಯಿಸಿದ್ದರಿಂದ ಜೀವಹಾನಿ ಆಗಲಿಲ್ಲ. ಕಿರಿಯ ಎಂಜಿನಿಯರ್ ಹುಡುಗಿಯ ಲಾಗಿನ್‌ನಿಂದಲೇ ಇದು ನಡೆದಿದೆ, ಅವಳನ್ನು ಬಂಧಿಸಿ ಎಂದರು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಜೊತೆ 9:05ಕ್ಕೆ ಹೊರಟರು.

ಯಂತ್ರಗಳ ಕೋಣೆಯಲ್ಲಿ, ಇಂಟರ್ನೆಟ್ಟಿನ ಮಾಹಿತಿಗೆ ದಾರಿ ತೋರಿಸುವ ಹನ್ನೊಂದು ರೂಟರ್‌ಗಳಿದ್ದವು. ಹುಡುಗಿಯ ಕಣ್ಣು ಕೆಂಪಾಗಿತ್ತು, ಮಾತು ನೆಟ್ಟಗಿತ್ತು.

"ಇವೆಲ್ಲ ಒಂದೇ ಮನೆಯವು ಸರ್. ಮನೆಯೊಳಗೆ ಒಬ್ಬರಿಂದ ಕೇಳಿದ ದಾರೀನ ಇನ್ನೊಬ್ಬರಿಗೆ ದಾಟಿಸಲ್ಲ. ಐಬಿಜಿಪಿ ಅಂತ, ರೂಟರ್‌ಗಳು ಮಾತಾಡೋ ಪದ್ಧತಿ, ಅದರ ನಿಯಮ ಇದು."

"ಚಾಡಿ ಹೇಳೋ ಅಭ್ಯಾಸ ಇಲ್ಲ ಅನ್ನಮ್ಮ. ನಮ್ಮ ಠಾಣೆಗಿಂತ ವಾಸಿ," ಎಂದ ಹೆಡ್ ಕಾನ್‌ಸ್ಟೆಬಲ್.

ಹಾಗಾಗಿ ಪ್ರತಿಯೊಂದಕ್ಕೂ ಪ್ರತಿಯೊಂದರ ಜೊತೆ ನೇರ ನಂಟು ಬೇಕಿತ್ತು. ಅಂಥ ಐವತ್ತೈದು ನಂಟುಗಳನ್ನು ಹದಿನೇಳು ವರ್ಷ ಕೈಯಾರೆ ಕಟ್ಟಿ ಸಾಕಿದವರು ಅಲ್ಲಿನ ಹಿರಿಯ ಎಂಜಿನಿಯರ್. ಕಚೇರಿಗೆಲ್ಲ ಅವರು ಮೇಷ್ಟ್ರು. ಹುಡುಗಿ ಎರಡು ರೂಟರ್‌ಗಳನ್ನು ಮನೆಯ ಹಿರಿಯರನ್ನಾಗಿ ಮಾಡಿ, ಉಳಿದ ಒಂಬತ್ತಕ್ಕೂ ಗುರುತು ಹಾಕಿ, ಅವುಗಳ ಸುದ್ದಿಯನ್ನು ಎಲ್ಲರಿಗೂ ದಾಟಿಸುವ ಅಧಿಕಾರ ಆ ಹಿರಿಯರಿಗೆ ಕೊಟ್ಟಿದ್ದಳು. ಹತ್ತೊಂಬತ್ತು ನಂಟು ಸಾಕಾಯಿತು. ಹಳೆಯದನ್ನು ಭಾನುವಾರ ಕಿತ್ತಿದ್ದರು.

ಯಾರೋ ಎರಡು ರೂಟರ್‌ಗಳ ಗುರುತು ಅಳಿಸಿದ್ದರು; ಒಂದರ ಹಿಂದೆ ಆಂಬುಲೆನ್ಸ್ ಕಂಟ್ರೋಲ್ ರೂಮು, ಇನ್ನೊಂದರ ಹಿಂದೆ ದೊಡ್ಡಾಸ್ಪತ್ರೆ. ಗುರುತಿಲ್ಲದ್ದರ ಸುದ್ದಿ ಗುರುತಿದ್ದವಕ್ಕಷ್ಟೇ ದಾಟುವುದರಿಂದ, ಒಂದರದ್ದು ಅಳಿಸಿದರೆ ಏನೂ ಆಗದು. ಎರಡರದ್ದೂ ಹೋದರೆ ಅವೆರಡು ಮಾತ್ರ ಒಂದಕ್ಕೊಂದು ಕಾಣವು, ಮಿಕ್ಕ ಊರಿಗೆ ಏನೂ ಗೊತ್ತಾಗದು. ಆ ಹೊತ್ತಿನಲ್ಲಿ ತಾನು ಪರದೆ ತೆರೆದಿಟ್ಟು ಟೀಗೆ ಹೋಗಿದ್ದೆ ಎಂದಳು ಹುಡುಗಿ.

10:40ಕ್ಕೆ ಪಂಚನಾಮೆ ಬರೆಯುತ್ತ ಹೆಡ್ ಕಾನ್‌ಸ್ಟೆಬಲ್ ಯಂತ್ರದ ದಾಖಲೆಯ ಒಂದು ಸಾಲಿನ ಮೇಲೆ ಬೆರಳಿಟ್ಟ. 6:50, ಬದಲಾವಣೆಗೆ ಮುನ್ನ ಇದ್ದ ವ್ಯವಸ್ಥೆಯ ಪ್ರತಿ ಉಳಿಸಲಾಗಿದೆ. ಹಾಗೆ ಉಳಿಸುವುದಿಲ್ಲವೆಂದೇ ತಾನು ದಿನಾ ಬೈಸಿಕೊಳ್ಳುವುದಾಗಿ ಹುಡುಗಿ ತಲೆ ತಗ್ಗಿಸಿ ಒಪ್ಪಿದಳು. ಯಾರಿಂದ ಎಂದು ಇನ್‌ಸ್ಪೆಕ್ಟರ್ ಕೇಳಲಿಲ್ಲ. ಮೇಷ್ಟ್ರನ್ನು ಕರೆಸಿದರು.

"ಕೆಡಿಸೋಕೆ ಬಂದವನು ಮೊದಲು ಪ್ರತಿ ಉಳಿಸಿದ್ದಾನೆ. ಎಂಥ ದಡ್ಡ ಇರಬೇಕು?"

ಮೇಷ್ಟ್ರ ಮುಖ ಬಿಗಿಯಿತು. "ದಡ್ಡತನ ಅಲ್ಲ ಸರ್. ಉಳಿಸದೆ ನಾನು ಯಾವತ್ತೂ ಕೈ ಹಾಕಿದವನಲ್ಲ."

ಹೆಡ್ ಕಾನ್‌ಸ್ಟೆಬಲ್ ಬರೆಯುತ್ತಿದ್ದ ಪೆನ್ನು ನಿಂತಿತು. ಆಡಿದ ಮಾತು ಮೇಷ್ಟ್ರಿಗೂ ಕೇಳಿಸಿತು. ಅವರು ಕುರ್ಚಿ ಎಳೆದು ಕುಳಿತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಹೊಸ ಏರ್ಪಾಡು ಹುಳುಕೆಂದು ತೋರಿಸಬೇಕಿತ್ತು. ಆ ಎರಡು ರೂಟರ್‌ಗಳ ಹಿಂದೆ ಅಷ್ಟು ಬೆಳಗ್ಗೆ ಖಾಲಿ ಕಚೇರಿಗಳಷ್ಟೇ ಇವೆಯೆಂದುಕೊಂಡಿದ್ದರು. ಆಂಬುಲೆನ್ಸಿನ ವಿಷಯ ತಮ್ಮ ಗಮನಕ್ಕೆ ಬಂದಿರಲಿಲ್ಲ ಎನ್ನುವಾಗ ಮಾತ್ರ ದನಿ ಇಳಿಯಿತು.

12:35ಕ್ಕೆ ಬಂಧನ. ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

"ಮೂರು ದಿನ ನಿನ್ನ ಕೆಲಸದಲ್ಲಿ ತಪ್ಪು ಹುಡುಕಿದೆ ಮಗಳೇ," ಎಂದರು ಮೇಷ್ಟ್ರು. "ಒಂದೂ ಸಿಗಲಿಲ್ಲ. ಅದಕ್ಕೇ ನಾನೇ ಮಾಡಬೇಕಾಯ್ತು."

ಅದನ್ನು ಹೇಳುವಾಗ ಅವರ ಬೆನ್ನು ನೆಟ್ಟಗಿತ್ತು. ತಾವು ಕಲಿಸಿದವಳ ಬಗ್ಗೆ ಹೇಳುತ್ತಿದ್ದರಲ್ಲ. ಹೇಳಿಕೆಯಲ್ಲಿ ಈ ಮಾತನ್ನೂ ಸೇರಿಸುವಂತೆ ಇನ್‌ಸ್ಪೆಕ್ಟರ್ ಸೂಚಿಸಿದರು. ಬುಧವಾರ ಮಧ್ಯಾಹ್ನ 1:20ಕ್ಕೆ ಮೇಷ್ಟ್ರು ಜೀಪು ಹತ್ತಿ ಹೊರಟರು.