ಮೋಡಬಣ್ಣದ ಹದಿನಾಲ್ಕು ಮರಿ

ಗೂಡಿನ ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು. ಒಳಗೆ ಚುಕ್ಕಿ ಹುಂಜ ಮಾತ್ರ ಇರಲಿಲ್ಲ.

ಓಬವ್ವ ಪಕ್ಕದ ದೊಡ್ಡ ಗೂಡಿಗೆ ಓಡಿದಳು. ಮೋಡಬಣ್ಣದ ಹುಂಜ ಜುಟ್ಟು ಕೆದರಿಕೊಂಡು ನಿಂತಿತ್ತು. ಆರೂ ಹೇಂಟೆಗಳು ಇದ್ದವು. ಹೋದದ್ದು ಒಂದೇ. ಅಮಾವಾಸ್ಯೆಯೆಂದು ಬೆಳಿಗ್ಗೆ ಕಾಳು ಹಾಕಿ ಉಕ್ಕಡಗಾತ್ರಿಯ ಗುಡಿಗೆ ಹೋದವಳು, ಸಂಜೆ ಐದಕ್ಕೆ ಆನೆಕೊಂಡದ ಮನೆಗೆ ಮರಳಿದ್ದಳು. ಅಷ್ಟರೊಳಗೆ ಯಾರು ಬಂದರು?

"ಹುಲಿಯಪ್ಪಾ! ನಮ್ಮ ಹಿತ್ತಲಿಗೆ ಯಾರಾದ್ರೂ ಬಂದಿದ್ರೇನೋ?"

ಪಕ್ಕದ ಮನೆಯ ಹುಲಿಯಪ್ಪ ಗೋಡೆಯ ಮೇಲಿಂದ ಇಣುಕಿದ. "ನಾ ಮಲಗಿದ್ದೆ ಕಣವ್ವ. ಯಾವುದು ಹೋತು? ಮಸಿ ಚೆಲ್ಲಿದಂಗಿರೋ ಆ ಬಿಳೇದಾ? ಹೋಗ್ಲಿ ಬಿಡು. ನೀಲಿದು ಉಳೀತಲ್ಲ!"

ಮರುದಿನ ಲಸಿಕೆ ಹಾಕಲು ಬಂದ ಬಕ್ಕೇಶನೂ ಅದನ್ನೇ ಹೇಳಿದ. ಹರಿಹರದ ಹುಡುಗ, ತಿಂಗಳಿಗೊಮ್ಮೆ ಲೂನಾ ಮೇಲೆ ಬಂದು ಕೊಕ್ಕರೆ ರೋಗಕ್ಕೆ ಔಷಧ ಹಾಕುತ್ತಿದ್ದ. "ಕಾಡುಬೆಕ್ಕು ಇರಬೇಕವ್ವ. ಇಲ್ಲಾ ಯಾರೋ ಸಾರಿಗೆ ಹಿಡ್ಕೊಂಡು ಹೋಗ್ಯಾರೆ. ನಿಮ್ಮ ಪುಣ್ಯ, ನೀಲಿ ಮುಟ್ಟಿಲ್ಲ."

ಹೋದದ್ದು ಏನೆಂದು ಓಬವ್ವ ಹೇಳಿದರೆ ಅರ್ಥವಾಗುವ ಜೀವ ಊರಿನಲ್ಲಿ ಒಂದೇ ಇತ್ತು. ಮಧ್ಯಾಹ್ನವೇ ಸಿಟಿ ಬಸ್ಸು ಹತ್ತಿ ವಿದ್ಯಾನಗರಕ್ಕೆ ಹೋದಳು.

ಸರ್ವಮಂಗಳಮ್ಮ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಓಬವ್ವ ಅದೇ ಶಾಲೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಅಟೆಂಡರ್ ಆಗಿದ್ದವಳು. ಪ್ರತಿವರ್ಷ ಅಕ್ಕೋರು ಕಪ್ಪುಹಲಗೆಯ ಮೇಲೆ ಬಟಾಣಿ ಗಿಡ ಬರೆದು, ತಂದೆತಾಯಿಯ ಗುಣ ಮಕ್ಕಳಿಗೆ ಹೇಗೆ ಹಂಚಿ ಹೋಗುತ್ತದೆಂದು ವಿವರಿಸುವಾಗ, ಓಬವ್ವ ಗಾಜಿನ ನಳಿಕೆಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಇಪ್ಪತ್ತಾರು ಸಲ ಕೇಳಿದ ಪಾಠ ಒಂದು ದಿನ ಅವಳ ಕೋಳಿಗೂಡಿಗೆ ಬಂತು. ಹನ್ನೊಂದು ವರ್ಷದಿಂದ ಜುಟ್ಟಿನ ಕೋಳಿಗಳನ್ನು ಆರಿಸಿ ಕೂಡಿಸುತ್ತ, ಪ್ರತಿ ಮರಿಯ ಬಣ್ಣವನ್ನು ಹಳೆಯ ಹಾಜರಿ ಪುಸ್ತಕದಲ್ಲಿ ಬರೆಯುತ್ತ, ಮಳೆಮೋಡದಂಥ ಬೂದುನೀಲಿ ತಂದಿದ್ದಳು. ಸುತ್ತಮುತ್ತ ಅಂಥ ಕೋಳಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ.

ಮೊಟ್ಟೆಯನ್ನೂ ಮನೆಯೊಳಗೆ ಬಿಡದ ಸರ್ವಮಂಗಳಮ್ಮ, ಕೋಳಿಯ ಕಥೆಯನ್ನು ಕೊನೆಯವರೆಗೂ ಕೇಳಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, "ನಡಿ, ಗೂಡು ನೋಡಾಣ" ಎಂದರು.

ಗೂಡಿನ ಸುತ್ತ ಒಂದೇ ಒಂದು ಪುಕ್ಕ ಬಿದ್ದಿರಲಿಲ್ಲ. ರಕ್ತವಿಲ್ಲ. ಬಲೆ ಹರಿದಿಲ್ಲ.

"ಬೆಕ್ಕು ಹುಂಜ ಒಯ್ದು, ತಿರುಗಿ ಬಂದು ಚಿಲಕ ಹಾಕ್ತೈತೇನು?" ಎಂದರು ಸರ್ವಮಂಗಳಮ್ಮ. "ಮನುಷ್ಯನೇ. ನಿನ್ನ ಹುಂಜ ಅಂತ ಗುರುತು ಏನೈತೆ?"

"ಮರಿ ಇದ್ದಾಗಲೇ ಎಡಗಾಲಿನ ಬೆರಳ ಸಂದಿ ಚರ್ಮಕ್ಕೆ ಸೂಜಿಲೆ ಎರಡು ತೂತು ಹಾಕೀನ್ರಿ. ನನ್ನ ಪುಸ್ತಕದಾಗೆ ಅದರ ನಂಬರು ಐತೆ."

"ಕಳ್ಳ ನೀಲಿ ಬಿಟ್ಟು ಚುಕ್ಕಿ ಯಾಕ ಒಯ್ದ?"

ಓಬವ್ವ ಖಾಲಿ ಗೂಡಿನ ಬಲೆ ಹಿಡಿದುಕೊಂಡಳು. "ಅದೇ ಅಕ್ಕೋರೆ! ಕರಿ ಹೇಂಟೆಗೆ ಆ ಚುಕ್ಕಿ ಕೂಡಿಸಿದ್ರೆ ಎಲ್ಲಾ ಮರಿ ಮೋಡಬಣ್ಣನೇ ಬರ್ತಾವೆ. ಜುಟ್ಟು, ಮೈಕಟ್ಟು ಎಲ್ಲಾ ಸರಿ ಇರೋ ಚುಕ್ಕಿ ಹುಂಜ ಸಿಗಾಕೆ ನಾ ಐದು ವರ್ಷ ಕಾದೀನಿ."

"ಹಂಗಾದ್ರೆ ಕಳ್ಳನಿಗೂ ಅದು ಗೊತ್ತಿತ್ತು. ಇಲ್ಲಾ ಹಸಿದು ಕೈಗೆ ಸಿಕ್ಕಿದ್ದು ಒಯ್ದ. ಎರಡರಲ್ಲಿ ಒಂದು. ಇಲ್ಲಿಗೆ ಹೊರಗಿನೋರು ಯಾರ್ಯಾರು ಬಂದಿದ್ರು?"

"ಹುಸೇನ್ ಸಾಬ್ರು ಬಂದಿದ್ರು. ಹರಿಹರದ ತಿಪ್ಪೇಶ ಬಂದಿದ್ದ—ಎರಡು ವರ್ಷದಿಂದ ಮೋಡಬಣ್ಣದ ಹುಂಜ ಕೊಡು ಅಂತ ಬೆನ್ನು ಬಿದ್ದಾನೆ. ಇನ್ಯಾರೂ ಇಲ್ಲ."

"ಕರಿ ಹೇಂಟೆ ಯಾರಿಗಾದ್ರೂ ಕೊಟ್ಟೀಯಾ?"

"ಹೆಚ್ಚಾದವು ಕೇಳಿದೋರಿಗೆಲ್ಲ ಕೊಟ್ಟೀನಿ. ಸಾಬ್ರಿಗೆ, ತಿಪ್ಪೇಶನಿಗೆ, ಬಕ್ಕೇಶನಿಗೆ ಒಂದೆರಡು, ಹುಲಿಯಪ್ಪನ ಮಗಳಿಗೆ..."

ಇಬ್ಬರೂ ಮೊದಲು ಮಾರ್ಕೆಟ್ಟಿಗೆ ಹೋದರು. ಕೋಳಿ ವ್ಯಾಪಾರದ ಹುಸೇನ್ ಸಾಬ್ ಎದೆಯ ಮೇಲೆ ಕೈಯಿಟ್ಟುಕೊಂಡ. "ಕಸಮ್ ಅಮ್ಮಾ, ನನ್ನಾಣೆ, ನನ್ನ ಹತ್ರ ಬಂದಿಲ್ಲ. ಜುಟ್ಟಿನ ಹುಂಜ ಈ ಬಜಾರಿಗೆ ಬಂದ್ರೆ ಹತ್ತು ಮಂದಿ ನೋಡಾಕೆ ನಿಲ್ತಾರೆ. ಮುಚ್ಚಿಡೋ ಮಾಲಲ್ಲ ಅದು."

"ಅಂದ್ರೆ ಸಾರಿಗೆ ಹೋಗಿಲ್ಲ," ಎಂದರು ಸರ್ವಮಂಗಳಮ್ಮ. "ಹರಿಹರದ ಬಸ್ಸು ಎಲ್ಲಿ ನಿಲ್ತೈತೆ?"

ತಿಪ್ಪೇಶನದು ಹರಿಹರದಲ್ಲಿ ಕೋಳಿ ಆಹಾರದ ಅಂಗಡಿ. ಮಾತು ಕೇಳಿದ್ದೇ ತಡ, ತಕ್ಕಡಿ ಬಿಟ್ಟು ಎದ್ದು ನಿಂತ.

"ನಾನು ಕಳ್ಳನಾ? ಓಬವ್ವಾರೆ, ನೀವೇ ಹೇಳ್ರಿ—ಎರಡು ವರ್ಷ ಕಾಡಿದ್ದು ಯಾವುದಕ್ಕೆ? ನೀಲಿಗೆ! ಕದಿಯಾಕೆ ಬಂದೋನು ಅದನ್ನ ಬಿಟ್ಟು ಆ ಕೊಳಕು ಬಿಳೇದನ್ನ ಹಿಡೀತೀನೇನ್ರಿ? ಶೆಡ್ಡಿನೊಳಗೆ ಹೋಗಿ ನೋಡ್ರಿ!"

ನೋಡಿದರು. ಚುಕ್ಕಿ ಹುಂಜ ಇರಲಿಲ್ಲ.

ಮರಳುವ ಬಸ್ಸಿನಲ್ಲಿ ಓಬವ್ವ ಸೋತು ಕುಳಿತಳು. "ಇನ್ನು ಸಿಗಾಕಿಲ್ಲ ಬಿಡ್ರಿ."

"ಯಾಕ ಬಿಡಬೇಕು?" ಸರ್ವಮಂಗಳಮ್ಮನ ದನಿ ತರಗತಿಯಲ್ಲಿದ್ದಷ್ಟೇ ಗಟ್ಟಿಯಾಗಿತ್ತು. "ಹುಂಜ ಮುಚ್ಚಿಡಬಹುದು. ಮೋಡಬಣ್ಣದ ಮರಿ ಯಾರೂ ಮುಚ್ಚಿಡಲ್ಲ, ತೋರಿಸಾಕೆ ಅಂತಲೇ ಕದ್ದಾನೆ. ಕಾವಿಗೆ ಇಪ್ಪತ್ತೊಂದು ದಿನ. ಪುಕ್ಕ ಬಲಿಯಾಕೆ ಒಂದೂವರೆ ತಿಂಗಳು. ಫೆಬ್ರವರಿಯಾಗೆ ಹರಿಹರದಲ್ಲಿ ಕೋಳಿ ಪ್ರದರ್ಶನ ಅಂತೀಯಲ್ಲ? ಅಲ್ಲಿಗೆ ಹೋಗೋಣ. ಅಲ್ಲೀವರೆಗೂ ಬಾಯಿ ಬಿಡಬ್ಯಾಡ."

ಓಬವ್ವ ಬಿಡಲಿಲ್ಲ. ಮೂರು ತಿಂಗಳು ದಿನಾ ಖಾಲಿ ಗೂಡು ಗುಡಿಸಿದಳು, ನೀರಿನ ಬಟ್ಟಲು ತೊಳೆದಿಟ್ಟಳು.

೧೯೯೯ರ ಫೆಬ್ರವರಿ. ಹರಿಹರದ ಬಯಲಿನಲ್ಲಿ ಶಾಮಿಯಾನ, ಮೈಕು, ಸಾಲು ಸಾಲು ಪಂಜರ. ಮೂರನೆಯ ಸಾಲಿಗೆ ಬಂದವಳೇ ಓಬವ್ವ ಗಕ್ಕನೆ ನಿಂತಳು.

ಒಂದೇ ಪಂಜರದಲ್ಲಿ ಹದಿನಾಲ್ಕು ಮರಿ. ಹದಿನಾಲ್ಕಕ್ಕೂ ಪುಟ್ಟ ಜುಟ್ಟು. ಹದಿನಾಲ್ಕೂ ಮೋಡಬಣ್ಣ. ಪಂಜರದ ಚೀಟಿಯಲ್ಲಿ ತಿಪ್ಪೇಶನ ಹೆಸರು.

"ನನ್ನ ಮರಿ!" ಓಬವ್ವ ಅವನ ಅಂಗಿಯ ಕಾಲರಿಗೇ ಕೈ ಹಾಕಿದಳು. "ನನ್ನ ಹುಂಜದ ಮರಿ ಇವು!"

ಜನ ಸೇರಿದರು. ತಿಪ್ಪೇಶನ ಮುಖ ಬಿಳಿಚಿಕೊಂಡಿತು. "ನಾ ಕದ್ದಿಲ್ಲವ್ವಾ! ಮೊಟ್ಟೆ ತಗೊಂಡು ಕಾವಿಗೆ ಕೂರ್ಸೀನಿ, ಅಷ್ಟೇ!"

"ಕೈ ಬಿಡು ಓಬವ್ವ," ಎಂದರು ಸರ್ವಮಂಗಳಮ್ಮ. "ತಿಪ್ಪೇಶ್, ಎಷ್ಟು ಮೊಟ್ಟೆ?"

"ಹದಿನಾರು. ಎರಡು ಒಡೀಲಿಲ್ಲ."

"ಬೇರೆ ಬಣ್ಣದ ಮರಿ ಬಂದಿದ್ವಾ? ಸತ್ತವೋ, ಮಾರಿದ್ಯೋ?"

"ಒಂದೂ ಇಲ್ರಿ. ಒಡೆದ ಹದಿನಾಲ್ಕೂ ಇಲ್ಲೇ ಅದಾವೆ."

"ಮೊಟ್ಟೆ ಕೊಟ್ಟೋರು ಯಾರು?"

ಉತ್ತರ ಗುಂಪಿನೊಳಗಿಂದ ಬಂತು. "ನಾನೇ ಕೊಟ್ಟಿದ್ದು ಮೇಡಂ." ಲಸಿಕೆಯ ಬಕ್ಕೇಶ ನಗುತ್ತಲೇ ಮುಂದೆ ಬಂದ. "ಬೆಂಗಳೂರಿಂದ ನೀಲಿ ಜೋಡಿ ತರಿಸಿದ್ದೆ. ಹುಂಜನೂ ನೀಲಿ, ಹೇಂಟೆನೂ ನೀಲಿ. ನೀಲಿಗೆ ನೀಲಿ ಹುಟ್ಟಿದ್ರೆ ಅದರಾಗೆ ಏನು ವಿಶೇಷ?"

"ಖಂಡಿತಾನಾ? ಎರಡೂ ನೀಲಿನೇನಾ?"

"ಎರಡೂ ನೀಲಿನೇ. ಪಕ್ಕಾ ಜಾತಿ. ಅದಕ್ಕೇ ಒಂದೂ ಬೇರೆ ಬಣ್ಣ ಬಂದಿಲ್ಲ ನೋಡ್ರಿ."

ಸರ್ವಮಂಗಳಮ್ಮ ಹಿಂದಕ್ಕೆ ತಿರುಗಿದರು. "ಓಬವ್ವ, ಮುಂದೆ ಬಾ. ನೀಲಿಗೆ ನೀಲಿ ಕೂಡಿಸಿದ್ರೆ ಏನಾಗ್ತೈತೆ? ಹೇಳು."

ಇಷ್ಟು ಜನರ ಎದುರು ಓಬವ್ವ ಎಂದೂ ಮಾತಾಡಿದವಳಲ್ಲ. ಆದರೆ ಪಾಠ ಮರೆತಿರಲಿಲ್ಲ.

"ಅರ್ಧ ಮರಿ ಮೋಡಬಣ್ಣ ಬರ್ತಾವೆ. ಕಾಲು ಭಾಗ ಕರಿ. ಕಾಲು ಭಾಗ ಚುಕ್ಕಿ. ಹನ್ನೊಂದು ವರ್ಷ ಬರ್ದೀನಿ, ಒಂದು ವರ್ಷನೂ ತಪ್ಪಿಲ್ಲ." ಅವಳ ದನಿ ಏರಿತು. "ಹದಿನಾಲ್ಕಕ್ಕೆ ಹದಿನಾಲ್ಕೂ ಮೋಡಬಣ್ಣ ಬರಬೇಕಾದ್ರೆ ಒಂದೇ ದಾರಿ. ಒಂದು ಕರಿ ಇರಬೇಕು, ಇನ್ನೊಂದು ಚುಕ್ಕಿ!"

ಬಕ್ಕೇಶನ ನಗು ನಿಂತಿತು.

"ನಾಣ್ಯ ಹದಿನಾಲ್ಕು ಸಲ ಚಿಮ್ಮಿ ಹದಿನಾಲ್ಕೂ ಸಲ ರಾಜಮುದ್ರೆ ಬಿದ್ದಂಗಾಯ್ತು ನಿನ್ನ ಮಾತು," ಎಂದರು ಸರ್ವಮಂಗಳಮ್ಮ. "ಕರಿ ಹೇಂಟೆ ಓಬವ್ವನೇ ನಿನಗೆ ಕೊಟ್ಟಿದ್ಲು. ಚುಕ್ಕಿ ಎಲ್ಲಿಂದ ಬಂತು ಬಕ್ಕೇಶ್?"

"ಆ ಗುಟ್ಟು ನನಗೆಂಗೆ ಗೊತ್ತಾಗ್ತೈತೆ? ಓಬವ್ವಾರು ಯಾರಿಗೂ..."

"ಯಾರಿಗೂ ಹೇಳಿಲ್ಲ ಅಂತ ಅವಳೂ ಅಂದ್ಕೊಂಡಿದ್ಲು. ನಿನ್ನ ಹೆಸರು ಅವಳ ಬಾಯಿಗೇ ಬರ್ಲಿಲ್ಲ. ಹೊರಗಿನೋರು ಯಾರು ಬಂದಿದ್ರು ಅಂತ ನಾ ಕೇಳಿದ್ದೆ. ತಿಂಗಳಿಗೊಮ್ಮೆ ಬಂದು ಔಷಧ ಹಾಕೋನು ಅವಳಿಗೆ ಹೊರಗಿನೋನು ಅಲ್ವೇ ಅಲ್ಲ! ಆ ಒಂದು ಮಾತಿನಿಂದ ನಾವು ತಪ್ಪು ಮನೆಗಳ ಬಾಗಿಲು ಬಡಿದ್ವಿ. ಓಬವ್ವ, ಈಗ ನೆನಪು ಮಾಡ್ಕೊ. ಈ ಕೊಳಕು ಹುಂಜಕ್ಕೆ ಯಾಕ ಕಾಳು ಹಾಕ್ತೀ ಅಂತ ಇವನು ಎಂದಾದ್ರೂ ಕೇಳಿದ್ನಾ?"

ಓಬವ್ವನಿಗೆ ಥಟ್ಟನೆ ನೆನಪಾಯಿತು. ದಸರೆಯ ಹಿಂದುಮುಂದು. ಔಷಧದ ಹನಿ ಬಿಡುತ್ತ ಕೇಳಿದ್ದ. ಅವಳು ಹೆಮ್ಮೆಯಿಂದ ಹೇಳಿದ್ದಳು.

"ಹೌದು ಅಕ್ಕೋರೆ. ಕರಿಗೆ ಚುಕ್ಕಿ ಕೂಡಿಸೋ ಗುಟ್ಟು ನಾನೇ ಹೇಳಿದ್ದೆ. ನೀಲಿ ಜೋಡಿ ಮಾತು ಅವನು ಕೇಳ್ಲಿಲ್ಲ, ನಾ ಹೇಳ್ಲಿಲ್ಲ."

"ಅರ್ಧ ಪಾಠ ಕಲ್ತು ಕಳ್ಳತನ ಮಾಡಿದ. ಚುಕ್ಕಿ ಮುಚ್ಚಿಡಾಕೆ ಹೋಗಿ ಇನ್ನರ್ಧದಲ್ಲಿ ಸಿಕ್ಕಿಬಿದ್ದ." ಸರ್ವಮಂಗಳಮ್ಮ ಬಕ್ಕೇಶನ ಕಡೆಗೆ ಬೆರಳು ತೋರಿಸಿದರು. "ಹುಂಜ ಕದ್ದೋನು ಇವನೇ. ಮನೆ ಇಲ್ಲೇ ಐತಲ್ಲ? ನಡೀರಿ, ಎಡಗಾಲು ನೋಡಾಣ."

ನೋಡುವ ಮೊದಲೇ ಬಕ್ಕೇಶ ಕುಸಿದು ಕುಳಿತ. "ಹಿತ್ತಲಾಗೆ ಐತೆ. ಚೆನ್ನಾಗೇ ಸಾಕೀನಿ." ಯಾರ ಮುಖವನ್ನೂ ನೋಡದೆ ಹೇಳಿದ, "ಎಷ್ಟು ಮನೆ ಕೋಳಿ ಉಳಿಸೀನಿ. ಬಕ್ಕೇಶನ ಕೋಳಿ ಅಂತ ಒಂದಾದ್ರೂ ಇರಲಿ ಅಂತ ಆಸೆ ಆತು."

ತಿಪ್ಪೇಶ ಹೋಗಿ ಹುಂಜ ತಂದ. ಬೆರಳ ಸಂದಿಯಲ್ಲಿ ಎರಡು ತೂತು. ಓಬವ್ವ ಅದನ್ನು ಸೆರಗಿನೊಳಗೆ ಅವುಚಿಕೊಂಡಳು. ಅದರ ಎದೆ ಅವಳ ಅಂಗೈಯಲ್ಲಿ ಪಟಪಟ ಬಡಿಯುತ್ತಿತ್ತು. ಯಾರೋ ಪೊಲೀಸರ ಹೆಸರೆತ್ತಿದರು.

"ಪೊಲೀಸ್ರು ಬ್ಯಾಡ," ಎಂದಳು ಓಬವ್ವ. ಬಕ್ಕೇಶನನ್ನು ರಟ್ಟೆ ಹಿಡಿದು ಎಬ್ಬಿಸಿ ಮೈಕಿನ ಮುಂದೆ ನಿಲ್ಲಿಸಿದಳು. "ಈ ಬಣ್ಣ ಯಾರ ಕೆಲಸ ಅಂತ ನಿನ್ನ ಬಾಯಿಂದ ಹೇಳು. ಎಷ್ಟು ವರ್ಷದ್ದು ಅಂತಾನೂ ಹೇಳು."

ಬಕ್ಕೇಶ ತಲೆ ತಗ್ಗಿಸಿ ಗೊಣಗಿದ. "ಆನೆಕೊಂಡದ ಓಬವ್ವಾರ ಕೆಲಸ... ಹನ್ನೊಂದು ವರ್ಷದ್ದು..."

"ತಲೆ ಎತ್ತು," ಎಂದಳು ಓಬವ್ವ. "ಜೋರಾಗಿ ಹೇಳು. ಶಾಮಿಯಾನದ ಬಾಗಿಲ ಹತ್ರ ನಿಂತೋರಿಗೂ ಕೇಳಬೇಕು."