ಮಾಸದ ಪುಸ್ತಕ

"ಈ ಕರಡಿಗೆ ಹೊಟ್ಟೆನೋವಾ?"

ಟೀಚರ್ ಪುಟದ ಚಿತ್ರ ತೋರಿಸಿ ಕೇಳಿದ್ದು ಪುಸ್ತಕದಂಗಡಿಯ ಅಮ್ಮನನ್ನು. ಉತ್ತರ ಬಂದದ್ದು ಬೆನ್ನ ಹಿಂದೆ ನಿಂತಿದ್ದವನಿಂದ.

"ಇಲ್ಲ, ಅದು ಕನಸು ಕಾಣ್ತಿದೆ."

"ಪದ್ಯದಲ್ಲೂ ಅದೇ ಇದೆಯಲ್ಲ! ಮತ್ತೆ ಮಕ್ಕಳು ಊಹಿಸೋಕೆ ಏನು ಉಳೀತು? ಚಿತ್ರ ಬರೆದೋರು ಯಾರೋ ತುಂಬಾ ಅಚ್ಚುಕಟ್ಟು. ಮುಟ್ಟೋಕೇ ಭಯ ಆಗುತ್ತೆ."

"ಬರೆದೋನು ನಾನೇ."

ಟೀಚರ್ ನಾಲಿಗೆ ಕಚ್ಚಿಕೊಂಡಳು. ಎರಡನೇ ತರಗತಿಯ ಓದುವ ಮೂಲೆಗೆ ಚಿತ್ರಗಳಿರುವ ಪದ್ಯಪುಸ್ತಕ ಆರಿಸಲು ಬಂದವಳು ಅವಳು. ಒಂದೊಂದು ಪದ್ಯವನ್ನೂ ಮೆಲ್ಲಗೆ ಬಾಯಲ್ಲಿ ಹೇಳಿಕೊಂಡು, ನಾಲಿಗೆ ಎಡವಿದ್ದನ್ನು ಕಪಾಟಿಗೆ ವಾಪಸ್ಸು ಸೇರಿಸುತ್ತಿದ್ದಳು. ನಾಲಿಗೆ ಇಷ್ಟು ಕೆಟ್ಟದಾಗಿ ಎಡವಿದ್ದು ಇದೇ ಮೊದಲು.

ಅವನಿಗೆ ಕೋಪ ಬರಲಿಲ್ಲ. "ತೀರ್ಪು ಮಕ್ಕಳೇ ಕೊಡ್ಲಿ," ಎಂದ. ಕಣ್ಣಂಚಿನಲ್ಲಿ ತುಂಟತನವಿತ್ತು.

"ಆಯ್ತು. ಮಕ್ಕಳಿಗೆ ಹಿಡಿಸಿದ ಪುಸ್ತಕ ಬೇಗ ಮಾಸುತ್ತೆ. ಅಷ್ಟೇ ನನ್ನ ಅಳತೆ."

"ಮಕ್ಕಳಿಗೆ ತೋರಿಸಿ ವಾಪಸ್ ತನ್ನಿ, ಮಾಸಿದ್ದನ್ನೆಲ್ಲ ಮಾತ್ರ ನೀವೇ ಕೊಂಡ್ಕೋಬೇಕಮ್ಮ," ಎಂದು ಎಚ್ಚರಿಸಿಯೇ ಅಂಗಡಿಯಮ್ಮ ಆರಿಸಿದ ಪುಸ್ತಕಗಳನ್ನು ಕಟ್ಟಿಕೊಟ್ಟರು.

ಆಮೇಲೆ ತೀರ್ಪು ನೋಡುವ ನೆಪದಲ್ಲಿ ಅವನು ಶಾಲೆಗೆ ಆಗಾಗ ಬಂದ. ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂರುತ್ತಿದ್ದ. ಮಕ್ಕಳು 'ಚಿತ್ರದ ಮಾಮ' ಎಂದು ಹೆಗಲೇರುತ್ತಿದ್ದರು. ಅವಳು ಬೋರ್ಡಿನ ಮೇಲೆ ಬರೆಯುವಾಗ ಬೆನ್ನಿಗೆ ತಾಗುತ್ತಿದ್ದ ನೋಟ, ತಿರುಗಿದರೆ ಥಟ್ಟನೆ ಕಿಟಕಿಗೆ ಹೋಗುತ್ತಿತ್ತು.

"ಪುಸ್ತಕ ಆರಿಸೋಕೆ ಇಷ್ಟು ದಿನ ಬೇಕಾ?" ಮನೆಯಲ್ಲಿ ಅತ್ತಿಗೆ ಕೆಣಕಿದಳು. "ನಿಮ್ಮಣ್ಣನ್ನ ಆರಿಸೋಕೂ ನಾನು ಇಷ್ಟು ಹೊತ್ತು ತಗೊಂಡಿರ್ಲಿಲ್ಲ."

"ಅದಕ್ಕೇ ಅತ್ತಿಗೆ, ಹಾಗಾಗಿರೋದು!"

ಅತ್ತಿಗೆ ನಗುತ್ತಲೇ ಕಿವಿ ಹಿಂಡಿದಳು. ಆದರೆ ಟೀಚರ್‌ಗೆ ಶಾಲೆಯ ಓದುವ ಮೂಲೆ ನೆನಪಾಯಿತು. ಮಳೆಯ ಪದ್ಯಗಳ ಪುಸ್ತಕದ ಹೊಲಿಗೆ ಬಿಟ್ಟಿತ್ತು, ಕಪ್ಪೆಯ ಪುಸ್ತಕಕ್ಕೆ ಜಾಮ್ ಮೆತ್ತಿತ್ತು. ಕರಡಿಯ ಪುಸ್ತಕ ಮಾತ್ರ ಹೊಸದರಂತೆಯೇ ಇತ್ತು. ಸಾಲದ್ದಕ್ಕೆ ಅವನು ಚಹಾ ಕುಡಿಯುತ್ತಾ ಹೇಳಿಬಿಟ್ಟಿದ್ದ: "ಇದೂ ಹಿಡಿಸ್ಲಿಲ್ಲ ಅಂದ್ರೆ ಚಿತ್ರ ಬಿಟ್ಬಿಡ್ತೀನಿ. ಅಕ್ಕ ಇರೋ ಊರಿಗೆ ಹೋಗಿ ಅವಳ ಪೇಂಟ್ ಅಂಗಡೀಲಿ ಕೂತ್ಕೋತೀನಿ."

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವಳು ಕರಡಿಯ ಪುಸ್ತಕ ತೆಗೆದುಕೊಂಡಳು. ಹಾಳೆಗಳ ಮೂಲೆ ಮಡಿಸಿದಳು. ಚಾಕ್‌ಪುಡಿಗೆ ಹೆಬ್ಬೆರಳು ಅದ್ದಿ ಅಲ್ಲಲ್ಲಿ ಒತ್ತಿದಳು.

ಮರುದಿನ ಮಕ್ಕಳು ಆಟಕ್ಕೆ ಹೋದಾಗ ಅವನು ಬಂದು ಪುಸ್ತಕ ತೆರೆದ. ಮುಖ ಅರಳಿತು. ಪುಟ ತಿರುಗಿಸುತ್ತಾ ಹೋದಂತೆ ಬೆರಳುಗಳು ನಿಧಾನವಾದವು.

"ಟೀಚರ್, ಮಕ್ಕಳು ತಮಗೆ ಬೇಕಾದ ಪುಟ ಮಾತ್ರ ಹಾಳು ಮಾಡ್ತಾರೆ. ಇಲ್ಲಿ ಎಲ್ಲಾ ಮಡಿಕೆನೂ ಒಂದೇ ಅಳತೆ." ಮೆಲ್ಲಗೆ ತಲೆ ಎತ್ತಿದ. "ನನಗಿಂತ ಅಚ್ಚುಕಟ್ಟು ನೀವು."

ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ತಪ್ಪಾಯ್ತು."

"ಯಾಕೆ ಮಾಡಿದ್ರಿ?"

"ನೀವು ಊರು ಬಿಟ್ಟು ಹೋಗ್ತೀರಲ್ಲ..."

ಅವನು ಪುಸ್ತಕ ಮುಚ್ಚಿದ. "ಪುಸ್ತಕ ಚೆನ್ನಾಗಿಲ್ಲ ಅಂತ ಹೇಳಿ. ಹೋಗ್ಬೇಡಿ ಅನ್ನೋದನ್ನ ಬೇರೆಯಾಗಿ ಹೇಳಿ. ಎರಡನ್ನೂ ಕಲಸಬೇಡಿ."

"ಪುಸ್ತಕ ಚೆನ್ನಾಗಿಲ್ಲ." ಕಣ್ಣು ತುಂಬಿತ್ತು. "ಮಕ್ಕಳು ಏರೋದು ನಿಮ್ಮ ಹೆಗಲನ್ನ. ಆ ನೀವು ಚಿತ್ರದಲ್ಲಿ ಎಲ್ಲೂ ಇಲ್ಲ." ಪುಸ್ತಕವನ್ನು ಅವನ ಕೈಯಿಂದ ತೆಗೆದು ಬದಿಗಿಟ್ಟಳು. "ಹೋಗ್ಬೇಡಿ."

ಮೊದಲನೆಯ ಮಾತು ನಾಟಿದ್ದು ಅವನ ಮುಖದಲ್ಲಿ ಕಾಣುತ್ತಿತ್ತು. "ಹೊಸದು ಬರೀತೀನಿ," ಎಂದ ಕೊನೆಗೆ. "ಈ ಮೂಲೇಲೇ ಕೂತು, ಮಕ್ಕಳ ಮಧ್ಯೆ. ಎರಡನೇ ಮಾತು ಮಾತ್ರ ಇನ್ನೊಂದ್ಸಲ ಹೇಳಿ."

ಅವಳು ಹೇಳಿದಳು. ಈ ಸಲ ನಗುತ್ತಾ.

ಸಂಜೆ ಇಬ್ಬರೂ ಪುಸ್ತಕಗಳ ಲೆಕ್ಕ ಮುಗಿಸಲು ಅವುಗಳನ್ನು ಹೊತ್ತು ಅಂಗಡಿಯ ಕಡೆ ನಡೆದರು. ಅವಳ ಕೈಯಿಂದ ಅರ್ಧ ಹೊರೆ ಅವನು ತೆಗೆದುಕೊಂಡ, ತಾಗಿದ ಬೆರಳನ್ನು ಬಿಡಲಿಲ್ಲ.

"ನಿಮ್ಮ ಅತ್ತಿಗೆ ಮನೇಲಿರ್ತಾರಾ? ಒಂದು ಮಾತು ಕೇಳೋದಿದೆ."

"ಅವಳನ್ನ ಆಮೇಲೆ ಕೇಳಿ," ಅವಳು ನಡುಬೀದಿಯಲ್ಲೇ ನಿಂತಳು. "ಮೊದಲು ನನ್ನ ಕೇಳಿ."

ಅವನು ಕೇಳಿದ. ಸೈಕಲ್ಲಿನವನೊಬ್ಬ ಬೆಲ್ ಹೊಡೆದು ಬಯ್ದುಕೊಂಡು ಹೋದ. ಅವಳು ದಾರಿ ಬಿಡದೆ, ಅಲ್ಲೇ ನಿಂತು, ಹೂಂ ಎಂದಳು.